ಹೊಳಪು ಕೊಟ್ಟ ನಿಕ್ಕಲ್ ತಟ್ಟೆಗಳು

ತೊಂಬತ್ತರ ದಶಕದ ನಡುವಿನ ನಾಲ್ಕು ವರ್ಷ ನಾನು ಗುಂಡ್ಲುಪೇಟೆಗೂ ಬೇಗೂರಿಗೂ ನಡುವೆ ರಸ್ತೆ ಬದಿಯಲ್ಲಿದ್ದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಬಟ್ಟೆಯ ಬಣ್ಣ ತಯಾರಿಸುವವರಿಗೆ ಬೇಕಾದ ಒಂದು ಪುಡಿಯನ್ನು ಅಲ್ಲಿ ಮಾಡುತ್ತಿದ್ದರು. ಬೆಳಿಗ್ಗೆ ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಬಂದು, ಅಲ್ಲಿ ಮೈಸೂರು ಬಸ್ಸು ಹತ್ತಿ, ಕಂಡಕ್ಟರನನ್ನು ಕಾಡಿಬೇಡಿ ಗೇಟಿನ ಮುಂದೆ ಇಳಿಯುತ್ತಿದ್ದೆ. ಅಲ್ಲಿ ನಡೆದದ್ದನ್ನು ನಾನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಕಾಣದೇ ಇದ್ದದ್ದನ್ನು ಬರೆಯುವುದಿಲ್ಲ.

ಪೈಪಿನ ತುದಿಯನ್ನು ಮುಚ್ಚಲು ಬೋಲ್ಟು ಹಾಕಿ ಬಿಗಿಯುವ ದುಂಡನೆಯ ಗಟ್ಟಿ ತಟ್ಟೆಗೆ ಬ್ಲೈಂಡ್ ಫ್ಲ್ಯಾಂಜ್ ಎನ್ನುತ್ತಾರೆ. ನಮ್ಮ ಫಿಟ್ಟರುಗಳ ಬಾಯಲ್ಲಿ ಅದು ಡಮ್ಮಿ. ಮುಂದೆಂದಾದರೂ ಬೇಕಾದೀತೆಂದು ಬಿಟ್ಟ ಕವಲು, ತೊಳೆಯಲು ಬಿಟ್ಟ ಬಾಯಿ, ಇಂಥ ಕಡೆಯೆಲ್ಲ ಅದು ಸುಮ್ಮನೆ ಕೂತಿರುತ್ತದೆ. ನಮ್ಮಲ್ಲಿ ನೀರು, ಹಬೆ ಹೋಗುವ ಪೈಪುಗಳಿಗೆ ಸ್ಟೇನ್‌ಲೆಸ್ ಸ್ಟೀಲಿನ ಡಮ್ಮಿ ಸಾಕಾಗಿತ್ತು. ಬಿಸಿ ಆಸಿಡ್ ಹೋಗುವ ಒಂದೇ ಒಂದು ಲೈನಿಗೆ ಮಾತ್ರ ನಿಕ್ಕಲ್ ಬೆರೆತ ಲೋಹದ್ದೇ ಬೇಕು. ಬೇರೆ ಯಾವುದನ್ನು ಹಾಕಿದರೂ ಆಸಿಡ್ ಅದನ್ನು ತಿಂದುಹಾಕುತ್ತದೆ. ಕಷ್ಟವೆಂದರೆ, ನಿಕ್ಕಲ್ ಡಮ್ಮಿಯನ್ನೂ ಸ್ಟೇನ್‌ಲೆಸ್ ಡಮ್ಮಿಯನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೇ ನಾನು ನಿಕ್ಕಲ್‌ನದಕ್ಕೆ ಹಳದಿ ಬಣ್ಣದ ಒಂದು ಬೊಟ್ಟು ಹಾಕಿಟ್ಟಿದ್ದೆ. ಅಂಚಿನ ಮೇಲೆ ತಯಾರಿಸಿದವರು ಸಣ್ಣಗೆ ಕೊರೆದ ಅಕ್ಷರಗಳೂ ಇದ್ದವು.

ಮ್ಯಾನೇಜರ್ ಬಗ್ಗೆ ಹೇಳಬೇಕು. ನಾಲ್ಕು ವರ್ಷದಲ್ಲಿ ಅವನು ಸ್ಟೋರಿನ ಒಂದು ಸಾಮಾನನ್ನೂ ಕೈಯಲ್ಲಿ ಹಿಡಿದು ನೋಡಿದ್ದನ್ನು ನಾನು ಕಂಡಿಲ್ಲ. ಶರ್ಟಿನ ಜೇಬಿನಲ್ಲಿ ಮೂರು ಪೆನ್ನು ಇರುತ್ತಿದ್ದವು, ಸಹಿಗೆ ಮಾತ್ರ ಪಕ್ಕದವರ ಪೆನ್ನು ಕೇಳುತ್ತಿದ್ದ. ಯಂತ್ರ ಕೆಟ್ಟರೆ ಯಂತ್ರದ ಹತ್ತಿರ ಹೋಗದೆ ಯಂತ್ರ ನಡೆಸುವವನ ಹತ್ತಿರ ಹೋಗಿ ಕೂಗುತ್ತಿದ್ದ. ಅವನ ಪಾಲಿಗೆ ಕಾರ್ಖಾನೆಯೆಂದರೆ ಮೊದಲಾಳಿಯ, ಅಂದರೆ ಒಡೆಯರ, ಕಾರು ಬಂದು ನಿಲ್ಲುವ ಜಾಗ. ಘಟ್ಟದ ಕೆಳಗಿನ ತಮಿಳು ಸೀಮೆಯಿಂದ ಮೊದಲಾಳಿ ವರ್ಷಕ್ಕೆ ಎರಡು ಸಲ ಬರುತ್ತಿದ್ದರು. ಅದರಲ್ಲಿ ಒಂದು ಸಲ ಆಯುಧಪೂಜೆಗೆ.

ನನ್ನ ನಾಲ್ಕನೇ ವರ್ಷ, ಪೂಜೆಗೆ ಮೂರು ದಿನ ಇರುವಾಗ ಮ್ಯಾನೇಜರ್ ಸ್ಟೋರಿನ ಬಾಗಿಲಲ್ಲಿ ನಿಂತು ಡಮ್ಮಿಗಳ ಸಾಲಿನತ್ತ ಕೈ ತೋರಿಸಿದ.

"ಏನ್ರೀ ಸ್ಟೋರು, ಇವೇನು ಹಿಂಗೆ ಮಂಕು ಬಡಿದಿವೆ? ಮೊದಲಾಳಿ ಬಂದು ನೋಡಿದ್ರೆ ಏನಂತಾರೆ? ಎಲ್ಲಾನೂ ಬಫಿಂಗ್ ಹೊಡ್ಸಿ, ಹುಣಸೆಹಣ್ಣು ಹಾಕಿ ತಿಕ್ಸಿ. ಕನ್ನಡಿ ಥರ ಇರ್ಬೇಕು."

"ಗುರುತು ಹೋಗುತ್ತೆ ಸಾರ್," ಎಂದೆ.

"ಪೂಜೆ ಆದ್ಮೇಲೆ ಮತ್ತೆ ಹಾಕ್ಕೊಳ್ರೀ. ಬಣ್ಣ ಕುಡಿದುಬಿಡ್ತೀರಾ?"

ಉಜ್ಜಿ ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಕೊಟ್ಟರೆ ಹಳದಿ ಬೊಟ್ಟಿನ ಜೊತೆ ಅಂಚಿನ ಅಕ್ಷರಗಳೂ ಹೋಗುತ್ತವೆಂದು ನನಗೆ ಗೊತ್ತಿತ್ತು. ಆಮೇಲೆ ಮತ್ತೆ ಗುರುತು ಹಾಕಬೇಕಾದರೆ ಯಾವುದು ಯಾವುದೆಂದು ತಿಳಿದಿರಬೇಕು. ನಿಕ್ಕಲ್‌ನವನ್ನು ಬೇರೆ ಇಡಿಸಬಹುದಿತ್ತು. ಇಡಿಸಲಿಲ್ಲ. ತಿಕ್ಕಿ ತಂದವರು ಎಲ್ಲವನ್ನೂ ಒಂದೇ ಗೋಣಿಯ ಮೇಲೆ ಸುರಿದು ಹೋದರು. ಆಮೇಲೆ ಅವುಗಳನ್ನು ಬಿಳಿ ಬಟ್ಟೆ ಹಾಸಿದ ಬೆಂಚಿನ ಮೇಲೆ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಸೇವಂತಿಗೆ ಸಿಕ್ಕಿಸಿದವನು ನಾನೇ. ಮೊದಲಾಳಿ ಬಂದರು. ಬೆಂಚಿನ ಮುಂದೆ ಎಣಿಸಿದರೆ ಹತ್ತು ಕ್ಷಣ ನಿಂತರು. "ಅಳಗಾ ಇರುಕ್ಕು," ಅಂದರು. ಚೆನ್ನಾಗಿದೆ ಎಂದು. ಮ್ಯಾನೇಜರ್ ಆ ಒಂದು ಮಾತನ್ನು ದೀಪಾವಳಿಯವರೆಗೂ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ದೀಪಾವಳಿ ಕಳೆದ ವಾರ ಹಂಗಳದ ಫಿಟ್ಟರ್ ಸ್ಟೋರಿಗೆ ಬಂದ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ನಾನು ಅಣ್ಣ ಎನ್ನುತ್ತಿದ್ದೆ. ಎಲ್ಲದಕ್ಕೂ ಚೀಟಿ ಕೇಳುತ್ತೇನೆಂದು ಅವನು ನನ್ನನ್ನು ಮೇಷ್ಟ್ರು ಎಂದು ಕರೆಯುತ್ತಿದ್ದ.

"ಮೇಷ್ಟ್ರೆ, ಆಸಿಡ್ ಲೈನ್ ಕವಲಿಗ ಮೂರಿಂಚು ಡಮ್ಮಿ ಒಂದು ಕೊಡಿ."

"ಯಾವುದು ನಿಕ್ಕಲ್ ಅಂತ ಗೊತ್ತಾಗ್ತಿಲ್ಲ ಅಣ್ಣ."

ಅವನು ಸಾಲಿನತ್ತ ನೋಡಿ ನಕ್ಕ. "ತಿಕ್ಕಿ ತಿಕ್ಕಿ ಎಲ್ಲಾನೂ ಒಂದೇ ತಾಯಿ ಮಕ್ಳು ಮಾಡ್ಬುಟ್ರಲ್ಲ ಮೇಷ್ಟ್ರೆ!"

ಅಷ್ಟರಲ್ಲಿ ಮ್ಯಾನೇಜರ್ ಬಂದ. ವಿಷಯ ಕೇಳಿ, ಆಫೀಸಿನಿಂದ ಒಂದು ಅಯಸ್ಕಾಂತ ತರಿಸಿದ. ಕೆಟ್ಟ ರೇಡಿಯೊದ ಸ್ಪೀಕರಿನಿಂದ ಬಿಚ್ಚಿದ್ದು. ಮೊದಲನೇ ಡಮ್ಮಿಗೆ ಹಿಡಿಸಿದ. ಅಂಟಲಿಲ್ಲ.

"ನೋಡಿ. ಅಂಟಿದ್ರೆ ಕಬ್ಬಿಣ, ಅಂಟದಿದ್ರೆ ನಿಕ್ಕಲ್. ಇದಕ್ಕೆ ಡಿಗ್ರಿ ಬೇಕೇನ್ರೀ?"

"ಸ್ಟೇನ್‌ಲೆಸ್‌ಗೂ ಅಂಟಲ್ಲ ಸಾರ್. ತೂಕ ಹಾಕಿ ನೋಡೋಣ. ನಿಕ್ಕಲ್‌ದು ಭಾರ ಜಾಸ್ತಿ."

ಎರಡೂ ನಿಜ. ಬರೀ ನಿಕ್ಕಲ್ ಆದರೆ ಅಯಸ್ಕಾಂತಕ್ಕೆ ಅಂಟುತ್ತದೆ, ನಮ್ಮ ಬೆರಕೆ ಲೋಹ ಸ್ಟೇನ್‌ಲೆಸ್‌ನಂತೆಯೇ ಅಂಟುವುದಿಲ್ಲ. ಒಂದೇ ಅಳತೆಯ ಸ್ಟೇನ್‌ಲೆಸ್ ತಟ್ಟೆ ಐದು ಕಿಲೋಗೆ ತುಸು ಕಡಿಮೆ ತೂಗಿದರೆ, ನಿಕ್ಕಲ್‌ನದು ಐದೂವರೆ ದಾಟುತ್ತದೆ. ತಕ್ಕಡಿ ನನ್ನ ಮೇಜಿನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು.

"ತೂಕ ಹಾಕಕ್ಕೆ ಇದೇನು ಸಂತೇಲಿ ಮಾರೋ ಕುಂಬಳಕಾಯೇನ್ರೀ?" ಎಂದ ಮ್ಯಾನೇಜರ್.

ಬಾಗಿಲಲ್ಲಿ ನಿಂತಿದ್ದವರು ನಕ್ಕರು. ಫಿಟ್ಟರ್ ನಕ್ಕ. ನಾನೂ ನಕ್ಕೆ. ಆಮೇಲೆ ಅಂಟದ ಆ ಡಮ್ಮಿಯನ್ನೇ ಫಿಟ್ಟರಿಗೆ ಕೊಟ್ಟು ಚೀಟಿ ಬರೆದೆ: ನಿಕ್ಕಲ್, ಮೂರಿಂಚು, ಒಂದು. ನನ್ನ ಪೆನ್ನು ಇಸಿದುಕೊಂಡು ಮ್ಯಾನೇಜರ್ ಮೇಲೆ ಸಹಿ ಹಾಕಿದ. ಕೆಳಗೆ ನಾನು ಹಾಕಿದೆ. ಮೇಲಿನ ಪ್ರತಿ ಫಿಟ್ಟರಿಗೆ ಹೋಯಿತು, ಕಾರ್ಬನ್ ಪ್ರತಿ ನನ್ನ ಪುಸ್ತಕದಲ್ಲಿ ಉಳಿಯಿತು.

ಹದಿನಾರನೇ ದಿನ ಬೆಳಿಗ್ಗೆ ಆ ಕವಲಿನಲ್ಲಿ ತೊಟ್ಟಿಕ್ಕುತ್ತಿದೆ ಎಂದು ಆಪರೇಟರ್ ಬಂದು ಹೇಳಿದ. ಆಸಿಡ್ ತಿಂದದ್ದು ತಟ್ಟೆಯ ನಡುಭಾಗವನ್ನಲ್ಲ, ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಕೂರುವ ಮುಖವನ್ನು. ಇದು ಆಮೇಲೆ ಬಿಚ್ಚಿದಾಗ ಕಂಡದ್ದು. ಲೈನ್ ನಿಲ್ಲಿಸಿ ಖಾಲಿ ಮಾಡಿ ಬಿಚ್ಚಬೇಕು ಎಂದು ಫಿಟ್ಟರ್ ಹೇಳಿದ. "ಎರಡು ಸುತ್ತು ಬಿಗಿ ಮಾಡಯ್ಯ, ಸಾಕು. ಲೈನ್ ನಿಲ್ಲಿಸ್ಬೇಡ," ಎಂದ ಮ್ಯಾನೇಜರ್. ನಾನು ಸ್ಟೋರಿನ ಮೆಟ್ಟಿಲ ಮೇಲೆ ನಿಂತಿದ್ದೆ. ಫಿಟ್ಟರ್ ಸ್ಪ್ಯಾನರ್ ಹಾಕಿ ಮೊದಲ ಬೋಲ್ಟನ್ನು ಅರ್ಧ ಸುತ್ತು ತಿರುಗಿಸಿದ. ಆಸಿಡ್ ಒಂದು ಬೀಸಣಿಗೆಯಂತೆ ಹೊರಗೆ ಚಿಮ್ಮಿತು. ಅವನು ಬಲಗೈ ಅಡ್ಡ ಹಿಡಿದ. ಕೈಗೂ ಕತ್ತಿನ ಬಲಬದಿಗೂ ಬಿತ್ತು. ನಾನು ಅವನನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕೂರಿಸಿದೆ. ನೀರು ಸಣ್ಣಗೆ ಬರುತ್ತಿತ್ತು. ಜೀಪು ಬರುವವರೆಗೂ ಅವನ ಕೈಯನ್ನು ಆ ಸಣ್ಣ ನೀರಿನ ಕೆಳಗೆ ಹಿಡಿದೇ ಇದ್ದೆ. ಮ್ಯಾನೇಜರ್ ಆ ಹೊತ್ತಿನಲ್ಲಿ ಮಾಡಿದ ಕೆಲಸ ಒಂದೇ: ಮೊದಲಾಳಿಗೆ ಟ್ರಂಕ್ ಕಾಲ್ ಬುಕ್ ಮಾಡಿದ್ದು.

ಫಿಟ್ಟರ್ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ವಿಚಾರಣೆಗೆ ಕಾರ್ಖಾನೆ ಇಲಾಖೆಯ ಅಧಿಕಾರಿ ಬರುವುದು ಗೊತ್ತಾಯಿತು. ಹಿಂದಿನ ದಿನ ಮ್ಯಾನೇಜರ್ ನನ್ನನ್ನು ಒಳಗೆ ಕರೆದು, ಟೈಪ್ ಮಾಡಿದ ಒಂದು ಹಾಳೆ ಮುಂದಿಟ್ಟ. ಫಿಟ್ಟರ್ ಚೀಟಿಯಿಲ್ಲದೆ, ಕೇಳದೆ ಸ್ಟೋರಿಗೆ ನುಗ್ಗಿ ತಪ್ಪು ಸಾಮಾನು ಎತ್ತಿಕೊಂಡು ಹೋದನೆಂದು ಅದರಲ್ಲಿತ್ತು. ಅಧಿಕಾರಿ ಅದನ್ನು ನಂಬಿದರೆ ಫಿಟ್ಟರನ ಕೆಲಸ ಅವತ್ತಿಗೇ ಹೋದ ಹಾಗೆ. ಬೆಂದ ಕೈಯ ಫಿಟ್ಟರನನ್ನು ಬೇರೆ ಯಾರೂ ಸೇರಿಸುವುದಿಲ್ಲ.

"ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು," ಎಂದ. "ಪುಸ್ತಕದ ಆ ಹಾಳೆ ಹರಿದುಬಿಡಿ. ಇದಕ್ಕೆ ಸಹಿ ಹಾಕಿ. ಇಬ್ರೂ ಉಳ್ಕೋತೀವಿ. ಅವನೇನು, ಹಂಗಳದಲ್ಲಿ ಕೂಲಿ ಮಾಡ್ಕೊಂಡು ಬದುಕ್ತಾನೆ."

ಇಷ್ಟು ಹೇಳಿ ಅವನು ಹಲ್ಲಿನ ಸಂದಿಯಿಂದ ಅಡಿಕೆ ಚೂರು ತೆಗೆದು, ಬೆರಳ ತುದಿಯಲ್ಲಿ ಇಟ್ಟುಕೊಂಡು ನೋಡಿದ. ನನಗೆ ಧೈರ್ಯ ಬಂದದ್ದು ನ್ಯಾಯದ ಯೋಚನೆಯಿಂದ ಎಂದು ಬರೆದರೆ ಸುಳ್ಳಾಗುತ್ತದೆ. ಆ ಬೆರಳನ್ನು ನೋಡಿ ಹೇಸಿಗೆ ಬಂತು. ಸಹಿ ಹಾಕದೆ ಎದ್ದು ಬಂದೆ.

ಮರುದಿನ ಅಧಿಕಾರಿಗೆ ಕಾರ್ಬನ್ ಪ್ರತಿ ತೋರಿಸಿದೆ. ಎರಡು ಸಹಿಯನ್ನೂ ಓದಿ ಹೇಳಿದೆ. ಬಫಿಂಗ್ ಹೊಡೆಸಿದ್ದು, ಅಯಸ್ಕಾಂತ ಹಿಡಿಸಿದ್ದು, ಲೈನ್ ನಿಲ್ಲಿಸಬೇಡ ಎಂದದ್ದು, ಮೂರನ್ನೂ ಹೇಳಿದೆ. ನಿಕ್ಕಲ್‌ನವನ್ನು ಬೇರೆ ಇಡದೇ ಹೋದದ್ದು ನಾನು ಎಂಬುದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಫಿಟ್ಟರನ ಮೇಲೆ ತಪ್ಪು ಬರಲಿಲ್ಲ. ಮ್ಯಾನೇಜರ್ ಮುಂದೆಯೂ ಮ್ಯಾನೇಜರೇ ಆಗಿದ್ದ. ಅಂಥವರು ಎಲ್ಲಿಗೂ ಹೋಗುವುದಿಲ್ಲ. ತಿಂಗಳು ತುಂಬುವುದರೊಳಗೆ ನನ್ನನ್ನು ಮನೆಗೆ ಕಳಿಸಿದರು.

ಬೇಸಿಗೆಯಲ್ಲಿ ಒಂದು ಭಾನುವಾರ ಹಂಗಳಕ್ಕೆ ಹೋದೆ. ಫಿಟ್ಟರ್ ಜಗಲಿಯ ಮೇಲೆ ಕೂತಿದ್ದ. ಬಲಗೈ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಅವನ ಹೆಂಡತಿ ಮಜ್ಜಿಗೆ ತಂದುಕೊಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು.

"ಸ್ಪ್ಯಾನರ್ ಹಿಡಿಯಾಕ ಆಗಾಕಿಲ್ಲ ಅಂತ ನಿಮ್ ಜಾಗಕ್ಕ ನನ್ನ ಕೂರ್ಸವ್ರ ಮೇಷ್ಟ್ರೆ," ಎಂದ. "ಬೇಜಾರ್ ಮಾಡ್ಕಬ್ಯಾಡಿ."

"ಇಲ್ಲ ಅಣ್ಣ. ಒಳ್ಳೇದಾಯ್ತು."

"ಮೊನ್ನೆ ಸ್ಟೋರಿಗ ಆ ಮ್ಯಾನೇಜರಯ್ಯ ಬಂದಿದ್ದ. ಗುರ್ತಿಲ್ದೆ ಇರೋ ಡಮ್ಮಿ ಒಂದ ಕೈಲಿ ಹಿಡ್ಕಂಡು, ಇದ್ನೇ ಕೊಡು, ಅರ್ಜೆಂಟು ಅಂದ. ಕೊಡಾಕಿಲ್ಲ ಅಂದ್ಬುಟ್ಟೆ."

"ಕೂಗಾಡಿರಬೇಕು."

"ಕೂಗ್ದ. ಕೂಗ್ಲಿ ಬುಡಿ. ಕೂಗಿ ಕೂಗಿ ಸುಸ್ತಾಗಿ ಹೋದ." ಅವನು ಎಡಗೈಯಿಂದ ಲೋಟ ಎತ್ತಿ ಮಜ್ಜಿಗೆ ಕುಡಿದ. "ಅಷ್ಟೇ ಕಣ ಮೇಷ್ಟ್ರೆ. ಇನ್ನೇನೂ ಆಗ್ನಿಲ್ಲ."

ಇನ್ನೇನೂ ಆಗಲಿಲ್ಲ ಎಂಬುದನ್ನು ಅವನು ನನ್ನನ್ನು ಚುಚ್ಚಲು ಹೇಳಲಿಲ್ಲ, ನಡೆದದ್ದನ್ನು ಹೇಳಿದ ಅಷ್ಟೆ. ಕೊಡುವುದಿಲ್ಲ ಎಂಬ ಮಾತನ್ನು ಆ ಮೇಜಿನ ಹಿಂದೆ ಕೂತ ನಾಲ್ಕು ವರ್ಷದಲ್ಲಿ ನಾನು ಒಂದು ಸಲವೂ ಆಡಿರಲಿಲ್ಲ. ಮಜ್ಜಿಗೆ ಅರ್ಧ ಉಳಿಸಿ, ಗುಂಡ್ಲುಪೇಟೆ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.