ಮುಟ್ಟಬಾರದ ಕಲ್ಲು

ವಿಶ್ವ ಪರಂಪರೆಯ ತಾಣಗಳಿಗೆ ಹೋದವರು ಮೊದಲು ಏನು ನೋಡುತ್ತಾರೋ ತಿಳಿಯದು. ನನ್ನ ಕಣ್ಣು ಮಾತ್ರ ‘ಮುಟ್ಟಬಾರದು’ ಎಂಬ ಫಲಕದ ಮೇಲೆ ಬೀಳುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಬೆರಳು ಅದನ್ನು ಓದಿದ ಕೂಡಲೇ ತುರಿಸತೊಡಗುತ್ತದೆ. ಪಟ್ಟದಕಲ್ಲಿನಲ್ಲೂ ಹಾಗೇ ಆಯಿತು, ಬೇಲೂರಿನಲ್ಲೂ. ನಿಮಗೂ ಹೀಗಾಗಿರಬಹುದು. ಪಶ್ಚಿಮಘಟ್ಟಕ್ಕೂ ಈ ಗೌರವ ಸಿಕ್ಕಿದೆಯಂತೆ. ಮಳೆಗೆ ಮಾತ್ರ ಯಾರೂ ಆ ಫಲಕ ತೋರಿಸಿದಂತಿಲ್ಲ.

ಹಂಪಿಗೆ ನಾನು ನನ್ನ ಹೆಂಡತಿ ಶಾಲಿನಿಯೊಡನೆ ಹೋಗಿದ್ದೆ. ಕಲ್ಲಿನ ರಥದ ಎದುರು ಎಲ್ಲರೂ ಫೋಟೋಕ್ಕೆ ನಿಂತಾಗ ಅವಳು ಬಿಸಿಲಿಗೆ ಮುಖ ಗಂಟಿಕ್ಕಿದ್ದಳು. ಹುರುಪು ಬಂದದ್ದು ಸಾಲಾಗಿದ್ದ ಕಲ್ಲಿನ ತಟ್ಟೆಗಳನ್ನು ಕಂಡಾಗ. ಅನ್ನಕ್ಕೊಂದು, ಪಲ್ಯಕ್ಕೊಂದು ಎಂದು ಕುಳಿ ಕೊರೆದ ಆ ತಟ್ಟೆಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, “ಬಂಗಡೆ ಮುಳ್ಳು ತೆಗ್ದಿಡೂಕೆ ಜಾಗನೇ ಇಲ್ಲಲ್ರಿ. ಇವ್ರೆಂಥಾ ರಾಜ್ರು?” ಎಂದಳು.

ಶಿರವಾಡದ ನಮ್ಮ ಮನೆಯಲ್ಲಿ ಅವಳ ಆಳ್ವಿಕೆ ಅರೆಯುವ ಕಲ್ಲಿನ ಸುತ್ತ ನಡೆಯುತ್ತಿತ್ತು. ಮಿಕ್ಸರ್ ಇದ್ದರೂ ಮೀನುಸಾರಿನ ಕಾಯಿ ಕಲ್ಲಿನಲ್ಲೇ ನುಣ್ಣಗಾಗಬೇಕು. ಈ ಕಲ್ಲು ಬಳಸಿದಷ್ಟೂ ನಯವಾಗುತ್ತದೆ, ನಯವಾದಷ್ಟೂ ಅರೆಯದಾಗುತ್ತದೆ. ಆಗ ಉಳಿಯಿಂದ ಕುಟ್ಟಿಸಿ ಮತ್ತೆ ತರಿತರಿ ಮಾಡಿಸಬೇಕು. ಕಳೆದ ಮಳೆಗಾಲ ಅವಳು ತೀರಿಕೊಂಡಾಗ ಕುಟ್ಟಿಸುವುದು ಬಾಕಿಯಿತ್ತು. ನಾನು ಕಲ್ಲಿಗೆ ಬಟ್ಟೆ ಹೊದಿಸಿ ಯಾರನ್ನೂ ಹತ್ತಿರ ಬಿಡಲಿಲ್ಲ. ಆ ನಯ ಅವಳ ಕೈಯದು. ಉಳಿ ತಾಗಿದರೆ ಅದೂ ಹೋದಂತೆ.

ಮೊನ್ನೆ ಅಂಕೋಲೆಯಿಂದ ಬಂದ ಮಗಳು ವಿದ್ಯಾ ಬಟ್ಟೆ ಎತ್ತಿ ನೋಡಿ, “ಅಪ್ಪಾ, ಸುತ್ತ ಒಂದು ಹಗ್ಗನೂ ಕಟ್ಬಿಡು. ಬಾಗ್ಲಲ್ಲಿ ಕೂತು ಟಿಕೆಟ್ ಹರಿ” ಎಂದಳು. ಆಮೇಲೆ ದನಿ ತಗ್ಗಿಸಿ, “ಆಯಿ ಇದ್ದಿದ್ರೆ ಇಷ್ಟೊತ್ತಿಗೆ ಕುಟ್ಸಿ ಆಗ್ತಿತ್ತು” ಎಂದಳು.

ಅದು ನಿಜ. ರಥವನ್ನು ಮುಟ್ಟದೆ ಉಳಿಸಬೇಕು, ಸರಿ. ಈ ಕಲ್ಲನ್ನು ಶಾಲಿನಿ ಪೆಟ್ಟು ಕೊಡಿಸಿಯೇ ಉಳಿಸಿಕೊಂಡಿದ್ದಳು. ತಾನು ತಂದ ನಯವನ್ನು ಪ್ರತಿ ಸಲವೂ ತಾನೇ ಅಳಿಸುತ್ತಿದ್ದಳು. “ಕರೆಸು” ಎಂದೆ.

ಕುಟ್ಟುವವಳು ಬಂದು ಉಳಿ ಇಟ್ಟಾಗ ನಾನು ಬಾವಿಕಟ್ಟೆಗೆ ಹೋಗಿ, ತುಂಬಿದ ಕೊಡವನ್ನೇ ಮತ್ತೆ ತುಂಬಿಸುತ್ತ ನಿಂತೆ. ಹೊಸದಾಗಿ ಕುಟ್ಟಿದ ಕಲ್ಲಿನಲ್ಲಿ, ಉಳಿದ ಕಲ್ಲಿನ ಚೂರು ಹೋಗಲೆಂದು, ಮೊದಲು ಒಂದಿಷ್ಟು ಅಕ್ಕಿ ಅರೆದು ಚೆಲ್ಲಬೇಕು. ವಿದ್ಯಾ ಅದನ್ನು ಮರೆತು ನೇರವಾಗಿ ಕಾಯಿ ಹಾಕಿದ್ದಳು.

ಊಟಕ್ಕೆ ಬಂಗಡೆ ಸಾರು. ಹಲ್ಲಿಗೆ ಒಂದು ಹರಳು ಸಿಕ್ಕಿತು. ವಿದ್ಯಾ ನನ್ನ ಮುಖವನ್ನೇ ನೋಡುತ್ತಿದ್ದಳು.

“ಚಲೋ ಆಗಿದೆ” ಎಂದೆ.

ಹರಳನ್ನು ತಟ್ಟೆಯ ಅಂಚಿನಲ್ಲಿ ಮುಳ್ಳಿನ ಪಕ್ಕ ಇಟ್ಟೆ. ಕೈ ತೊಳೆದು ಬಂದು ಕಲ್ಲಿನ ಕುಳಿಯೊಳಗೆ ಬೆರಳಾಡಿಸಿದೆ. ತರಿತರಿಯಾಗಿತ್ತು. ಬಟ್ಟೆಯನ್ನು ಮತ್ತೆ ಹೊದಿಸಲಿಲ್ಲ.