ಕೂಡದು ಎಂಬ ಗುಂಡಿ

ಆಫೀಸಿನಲ್ಲಿ ಅವನಿಗೆ ಬೀಗಣ್ಣ ಎಂದು ಹೆಸರು. ಬೀಗುವವನೆಂದಲ್ಲ; ಬೀಗುವುದಕ್ಕೆ ಅವನ ಬಳಿ ಒಂದು ಹಳೆಯ ಸ್ಕೂಟರು ಮತ್ತು ಸೊಂಟನೋವು ಬಿಟ್ಟರೆ ಬೇರೇನೂ ಇರಲಿಲ್ಲ. ಆರು ಶಾಖೆಗಳ ರಕ್ತನಿಧಿಯ ಕೇಂದ್ರ ಕಚೇರಿಯಲ್ಲಿ ವರದಿಗಳಿಗೆ ಬೀಗ ಹಾಕುವುದು, ತೆಗೆಯುವುದು ಅವನ ಕೆಲಸ. ಕಂಪ್ಯೂಟರಿನೊಳಗೆ ಕ್ಯಾಟಲಾಗ್ ಎಂಬ ದೊಡ್ಡ ಕಪಾಟು. ಅದರಲ್ಲಿ ಫೋಲ್ಡರು, ಫೋಲ್ಡರಿನ ಹೊಟ್ಟೆಯಲ್ಲಿ ಫೋಲ್ಡರು, ಕೊನೆಗೆ ವರದಿ. ಯಾವ ವರದಿಯನ್ನು ಯಾರು ನೋಡಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂಬುದನ್ನೆಲ್ಲ ಬೀಗಣ್ಣ ಹದಿನಾರು ವರ್ಷದಿಂದ ಚೌಕದೊಳಗೆ ಗುರುತು ಹಾಕಿ ನಿರ್ಧರಿಸುತ್ತಿದ್ದ. ಮನೆಯಲ್ಲಿ ಟೀವಿಯ ರಿಮೋಟಿನ ಮೇಲೂ ಹಕ್ಕಿಲ್ಲದ ಮನುಷ್ಯ, ಆಫೀಸಿನಲ್ಲಿ ಊರಿಗೆಲ್ಲ ಹಕ್ಕು ಹಂಚುತ್ತಿದ್ದ.

ಆ ಕಪಾಟನ್ನು ಮೊದಲು ಕಟ್ಟಿದವರು, ಅವನಿಗೆ ಕೆಲಸ ಕಲಿಸಿದವರು, ಮೇಷ್ಟ್ರು. ಪಾಠ ಹೇಳುವ ಚಾಳಿಗೆ ಬಂದ ಹೆಸರದು, ಶಾಲೆಯಲ್ಲೇನೂ ಅವರು ಕಲಿಸಿದವರಲ್ಲ. ಮುಂದೆ ಬೀಗಣ್ಣನ ಮಗಳನ್ನು ಮೇಷ್ಟ್ರ ಮಗ ಮದುವೆಯಾಗಿ, ಬೀಗಣ್ಣ ನಿಜವಾಗಿಯೂ ಬೀಗನಾದ.

ಮೇಷ್ಟ್ರ ಮೊದಲ ಪಾಠ ಎರಡು ಬಗೆಯ 'ನೋ' ಕುರಿತದ್ದು. "ನೋಡು ಬೀಗ, ಹಕ್ಕು ಕೊಡದೆ ಚೌಕ ಖಾಲಿ ಬಿಟ್ರೆ ಅದು 'ಇಲ್ಲ'. ಇವತ್ತು ಇಲ್ಲ, ನಾಳೆ ಇನ್ಯಾರೋ ಕೊಟ್ರೆ ಬರುತ್ತೆ. ಪಕ್ಕದ ಸಾಲಲ್ಲಿ ಗುರುತು ಹಾಕಿದ್ಯೋ, ಅದು 'ಕೂಡದು'. ಕೂಡದು ಅಂದ್ಮೇಲೆ ಬ್ರಹ್ಮ ಬಂದು ಕೊಟ್ರೂ ಕೂಡದು. ಇಲ್ಲ ಅನ್ನೋದು ಖಾಲಿ ಕುರ್ಚಿ, ಕೂಡದು ಅನ್ನೋದು ಮೊಳೆ ಹೊಡೆದ ಕುರ್ಚಿ. ಯಾರೂ ಕೂಡೋ ಹಾಗಿಲ್ಲ!" ತಮ್ಮ ಮಾತಿಗೆ ತಾವೇ ನಗುತ್ತಿದ್ದರು. ಎರಡನೆಯ ಪಾಠ ಇನ್ನೂ ಚಿಕ್ಕದು: ಪಾಸ್‌ವರ್ಡನ್ನು ಹೆತ್ತ ತಾಯಿಗೂ ಹೇಳಬೇಡ.

ಮೇಷ್ಟ್ರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಆಮೇಲೆ ಅವರಿಗೆ ಮರೆವು ಹತ್ತಿತು. ಮೊದಲು ಕನ್ನಡಕ ಮರೆತರು, ಆಮೇಲೆ ಬೀದಿ, ಆಮೇಲೆ ಮಗ. ಅವರ ಖಾತೆಯನ್ನು ಕ್ಯಾಟಲಾಗಿನಿಂದ ತೆಗೆದುಹಾಕಬೇಕೆಂದು ನಿಯಮ. ಬೀಗಣ್ಣ ನಾಲ್ಕು ಸಲ ಅಳಿಸಲು ಹೋಗಿ, 'ಖಚಿತವೇ?' ಎಂದು ಕಂಪ್ಯೂಟರು ಕೇಳಿದಾಗ ಕೈ ಬರದೆ ಹಿಂದೆ ಸರಿದಿದ್ದ. ಮೂರು ತಿಂಗಳ ಹಿಂದೆ ಬಂದ ಮ್ಯಾನೇಜರಮ್ಮ ಕೇಳಿದಾಗ ಮಾತ್ರ "ತೆಗೆದಾಯ್ತು ಮೇಡಂ" ಎಂದಿದ್ದ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಮ್ಯಾನೇಜರಮ್ಮ ಕೆಂಡವಾಗಿ ಬಂದರು. ಹಿಂದಿನ ದಿನ ಯಾವುದೋ ಶಾಖೆಯವರು ಒಂದು ವರದಿಯನ್ನೇ ಅಳಿಸಿಹಾಕಿದ್ದರು.

"ಅಳಿಸೋ ಹಕ್ಕು ಎಲ್ಲರಿಗೂ ಇರಕೂಡದು. ಕೂಡದು ಅಂದ್ರೆ ಕೂಡದು! ಈಗಲೇ ಮಾಡಿ. ನಿಮಗಿದು ಕಡೇ ಸಲ ಹೇಳ್ತಿರೋದು."

ಅವರು ಹೇಳಿದ್ದು ಬಾಯಿಮಾತಿನ ಕೂಡದು. ಗಾಬರಿಯಲ್ಲಿ ಬೀಗಣ್ಣನಿಗೆ ಕೇಳಿದ್ದು ಮೇಷ್ಟ್ರ ಕೂಡದು. ಕಪಾಟಿನ ತುದಿಯ, ಉಳಿದವೆಲ್ಲ ಒಳಗಿರುವ ಫೋಲ್ಡರು ತೆರೆದ. 'ಎಲ್ಲರೂ' ಎಂಬ ಗುಂಪು ಆರಿಸಿದ. ಕೂಡದು ಸಾಲಿನಲ್ಲಿ 'ಅಳಿಸು' ಎಂಬಲ್ಲಿ ಒತ್ತುವ ಬದಲು ಒಂದು ಗೆರೆ ಮೇಲೆ 'ಪೂರ್ಣ ಹಕ್ಕು' ಎಂಬಲ್ಲಿ ಒತ್ತಿದ. ಕೆಳಗಿನ ಚೌಕಗಳೆಲ್ಲ ತಾವಾಗಿಯೇ ಗುರುತು ಹಾಕಿಕೊಂಡವು. 'ಒಳಗಿನ ಎಲ್ಲ ಫೋಲ್ಡರುಗಳಿಗೂ?' ಎಂದು ಕೇಳಿತು. ಹೌದೆಂದ. ಗುಂಡಿ ಒತ್ತಿದ ಮರುಕ್ಷಣ ಗುಂಡಿಗೆ ಬಿದ್ದಿದ್ದ. ಗುಂಡಿಗೆ ಬಾಯಿಗೆ ಬಂತು. 'ನಿಮಗೆ ಈ ಪುಟ ನೋಡುವ ಅನುಮತಿ ಇಲ್ಲ.'

ಎಲ್ಲರೂ ಎಂದರೆ ಎಲ್ಲರೂ. ಅವನೂ ಅದರಲ್ಲೇ ಇದ್ದ, ಮ್ಯಾನೇಜರಮ್ಮನೂ ಇದ್ದರು. ಆರು ಶಾಖೆಗಳ ಹಕ್ಕು ಒಂದೇ ಏಟಿಗೆ ಹಕ್ಕಿಯಾಗಿ ಹಾರಿಹೋಗಿತ್ತು. ಸಾಫ್ಟ್‌ವೇರಿನ ಸಹಾಯವಾಣಿಗೆ ಫೋನ್ ಮಾಡಿದರೆ ಒಬ್ಬಾಕೆ ಜೇನಿನಂಥ ದನಿಯಲ್ಲಿ, ನಾಳೆ ಇಷ್ಟೊತ್ತಿಗೆ ಸರಿಹೋಗುತ್ತದೆ ಎಂದಳು.

ಹತ್ತೂವರೆಗೆ ಆಸ್ಪತ್ರೆಗೆ ಅಂಟಿಕೊಂಡ ಶಾಖೆಯ ಲ್ಯಾಬಿನ ಹೆಂಗಸು ಫೋನ್ ಮಾಡಿದಳು.

"ಅಣ್ಣಾ, ವರದಿ ತೆಗೀತಿಲ್ಲ. ಇವತ್ತು ಎರಡು ಗಂಟೆಗೆ ಒಬ್ಬ ತಾಯಿಗೆ ಆಪರೇಷನ್ ಇದೆ."

"ರಕ್ತದ ಚೀಲದ ಮೇಲೇ ಗುಂಪು ಬರೆದಿರತ್ತಲ್ಲಮ್ಮಾ?"

"ಗುಂಪು ಹೊಂದಿದ್ರೂ ಈ ತಾಯಿಗೆ ಎಲ್ಲರ ರಕ್ತ ಒಗ್ಗಲ್ಲ ಅಣ್ಣ. ನಾಲ್ಕು ಸಾವಿರ ಚೀಲದಲ್ಲಿ ಎರಡೇ ಎರಡು ಹೊಂದಿದ್ದು. ಅದು ಯಾವ ಶಾಖೆ, ಏನು ನಂಬರು ಅನ್ನೋದು ಆ ವರದಿಯಲ್ಲೇ ಇರೋದು. ಒಂದೂವರೆಯೊಳಗೆ ಹೇಳದಿದ್ರೆ ತರೋಕಾಗಲ್ಲ. ಡಾಕ್ಟರು ಇನ್ನು ಮುಂದಕ್ಕೆ ಹಾಕೋಕಾಗಲ್ಲ ಅಂತಿದಾರೆ."

ಗುಂಪು ಎಂಬ ಮಾತಿನ ಮೇಲೆ ಹದಿನಾರು ವರ್ಷದಿಂದ ತಮಾಷೆ ಮಾಡಿಕೊಂಡು ಬಂದವನಿಗೆ ಅಂದು ನಗು ಬರಲಿಲ್ಲ. ಬೆವರು ಬಂತು. ಎಲ್ಲ ದಾರಿ ತಡವಿದ. ಎಲ್ಲ ಕಡೆಯೂ ಅನುಮತಿ ಇಲ್ಲ, ಇಲ್ಲ, ಇಲ್ಲ. ಹನ್ನೆರಡು ದಾಟಿದ ಮೇಲೆ ಹೊಳೆಯಿತು: ಫೋಲ್ಡರಿನ ಒಡೆಯನಾಗಿ ನಮೂದಾದವನೊಬ್ಬನನ್ನು ಮಾತ್ರ ಕೂಡದು ತಡೆಯುವುದಿಲ್ಲ. ಮೊಳೆ ಹೊಡೆದ ಕುರ್ಚಿಯನ್ನು ಒಡೆಯನೇ ಒಡೆಯಬೇಕು. ತುದಿಯ ಫೋಲ್ಡರಿಗೆ ಒಡೆಯರು ಮೇಷ್ಟ್ರು; ಇವತ್ತಿಗೂ, ಅವನ ಸುಳ್ಳಿನ ದೆಸೆಯಿಂದ.

ಲ್ಯಾಪ್‌ಟಾಪ್ ಎದೆಗವಚಿಕೊಂಡು ಎರಡು ಬೀದಿ ಆಚೆಯ ಮೇಷ್ಟ್ರ ಮನೆಗೆ ಓಡಿದ. ಬೀಗಿತ್ತಿ ಬಾಗಿಲು ತೆಗೆದರು.

"ಏನು ಬೀಗರೇ, ಹೊತ್ತಲ್ಲದ ಹೊತ್ತಲ್ಲಿ? ಮಗಳು ಆಫೀಸಿಗೆ ಹೋಗಿದಾಳೆ. ನಮ್ಮನ್ನ ನೋಡೋಕಂತೂ ನೀವು ಬರೋರಲ್ಲ."

"ಅಕ್ಕಾ, ಆಮೇಲೆ ಎಷ್ಟು ಬೇಕಾದ್ರೂ ಬೈರಿ. ಸಾರ್ ಎಲ್ಲಿ?"

ಮೇಷ್ಟ್ರು ಕಿಟಕಿಯ ಪಕ್ಕ ಕೂತು, ಒಂದೇ ಕರವಸ್ತ್ರವನ್ನು ಮಡಿಸಿ ಬಿಡಿಸಿ ಮಡಿಸುತ್ತಿದ್ದರು. ಬೀಗಣ್ಣ ಅವರ ಮಂಡಿಯ ಬಳಿ ಕುಕ್ಕರಿಸಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಪಾಸ್‌ವರ್ಡ್ ಕೇಳಿದ. ಮೇಷ್ಟ್ರ ಕಣ್ಣು ಕಿರಿದಾಯಿತು.

"ಯಾರಯ್ಯ ನೀನು? ಪಾಸ್‌ವರ್ಡು ಹೆತ್ತ ತಾಯಿಗೂ ಹೇಳಬಾರದು."

"ನೋಡಿದ್ರಾ ಬೀಗರೇ? ಕಟ್ಟಿಕೊಂಡ ಹೆಂಡ್ತಿ ಹೆಸರು ಮರೆತರು. ಇದೊಂದು ನೆನಪಿದೆ," ಎಂದರು ಬೀಗಿತ್ತಿ.

ಒಂದು ಗಂಟೆ ಹೊಡೆಯಿತು. ಬೀಗಣ್ಣ ಬೇಡಿದ. ಲ್ಯಾಬಿನವಳ ಫೋನು ಜೇಬಿನಲ್ಲಿ ಗುಂಯ್‌ಗುಟ್ಟಿ ಸುಮ್ಮನಾಯಿತು. ಕೊನೆಗೆ, ಬೇಡುವುದೇ ತಪ್ಪೆಂದು ತಿಳಿಯಿತು. ಲ್ಯಾಪ್‌ಟಾಪನ್ನು ಅವರ ತೊಡೆಯ ಮೇಲಿಟ್ಟು ಎದ್ದು ನಿಂತ.

"ಹೇಳಬೇಡಿ ಸಾರ್. ನೀವೇ ಹಾಕಿ. ನಾನು ಆ ಕಡೆ ತಿರುಗ್ತೀನಿ."

ಗೋಡೆಗೆ ಮುಖ ಮಾಡಿ ನಿಂತ. ಶಿಕ್ಷೆಗೆ ನಿಲ್ಲಿಸಿದ ಶಾಲೆಯ ಹುಡುಗನ ಹಾಗೆ ನಿಂತ, ಐವತ್ತೊಂದು ವರ್ಷದವನು. ಹಿಂದೆ ಏನೂ ಸದ್ದಿಲ್ಲ. ಆಮೇಲೆ ಕೀಲಿಗಳು ಟಕಟಕ ಎಂದವು. "ತಪ್ಪು ಅಂತಿದೆ," ಎಂದರು ಬೀಗಿತ್ತಿ. ಮತ್ತೆ ಟಕಟಕ. "ಇದೂ ತಪ್ಪಂತೆ." ಮೂರು ಸಲ ತಪ್ಪಿದರೆ ಖಾತೆಯೇ ಮುಚ್ಚಿಹೋಗುತ್ತದೆ. ಹಾಗೆಂದು ನಿಯಮ ಮಾಡಿದವನು ಬೀಗಣ್ಣನೇ. ಗೋಡೆಯ ಸುಣ್ಣದಲ್ಲೊಂದು ಸಣ್ಣ ಬಿರುಕಿತ್ತು. ಎಂದೂ ಕಾಣದ ಆ ತಾಯಿಯ ಮುಖವನ್ನು ಅವನು ಆ ಬಿರುಕಿನಲ್ಲಿ ನೋಡುತ್ತ ನಿಂತ.

"ನೀವೂ ತಿರುಗಿ ಅಕ್ಕಾ," ಎಂದ. "ಯಾರೂ ನೋಡದಿದ್ರೆ ಬರಬಹುದು."

ಇಬ್ಬರು ಬೀಗರು ಅಕ್ಕಪಕ್ಕ ಗೋಡೆ ನೋಡುತ್ತ ನಿಂತರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕೀಲಿಯ ಸದ್ದು, ಈ ಸಲ ನಿಧಾನ, ಒಂದೊಂದಾಗಿ. ಕೊನೆಗೆ ಒಂದು ದೊಡ್ಡ ಟಕ್.

"ಯಾವನಯ್ಯ ಇವನು," ಮೇಷ್ಟ್ರು ಗದರಿದರು, "ಎಲ್ಲರಿಗೂ ಕೂಡದು ಹಾಕಿಟ್ಟಿದಾನೆ?"

ಬೀಗಣ್ಣ ಹಾರಿ ಬಂದ. ಮೇಷ್ಟ್ರ ಬೆರಳು ಆಗಲೇ ಗುರುತನ್ನು ತೆಗೆಯುತ್ತಿತ್ತು. ಒಂದೂ ಇಪ್ಪತ್ತೆರಡಕ್ಕೆ ವರದಿ ತೆರೆಯಿತು. ಒಂದೂ ಇಪ್ಪತ್ತೆಂಟಕ್ಕೆ ಲ್ಯಾಬಿನವಳು, "ಸಿಕ್ತು ಅಣ್ಣಾ, ಎರಡೂ ಸಿಕ್ತು, ಗಾಡಿ ಹೊರಟಿತು," ಎಂದು ಕಿರುಚಿದಳು.

ಒಂದೂ ಮುಕ್ಕಾಲಿಗೆ ಮ್ಯಾನೇಜರಮ್ಮನ ಫೋನು ಬಂತು.

"ನೀವು ತೆಗೆದಾಯ್ತು ಅಂದ ಖಾತೆ ಈಗ ಕ್ಯಾಟಲಾಗಲ್ಲಿ ಓಡಾಡ್ತಿದೆಯಲ್ಲ? ನನ್ನ ಕಣ್ಣೆದುರೇ ಇದೆ. ಸುಳ್ಳು ಹೇಳಿದ್ರಾ?"

"ಹೇಳಿದೆ ಮೇಡಂ."

"ಒಡೆತನ ನನ್ನ ಹೆಸರಿಗೆ ಬರೆದು ಆ ಖಾತೆ ಅಳಿಸಿ. ನಿಮ್ಮ ಖಾತೆ ಸಂಜೆ ನಾನೇ ತೆಗೀತೀನಿ. ನಾಳೆಯಿಂದ ಬರಬೇಡಿ." ಇಟ್ಟುಬಿಟ್ಟರು.

ಬರಬೇಡಿ. ಮೇಷ್ಟ್ರ ಪಾಠದಲ್ಲಿ ಇಲ್ಲದ ಮೂರನೆಯ ಬಗೆ. ಬೀಗಣ್ಣ ಒಡೆತನ ಬದಲಾಯಿಸಿದ. ಮೇಷ್ಟ್ರ ಹೆಸರಿನ ಮೇಲೆ ಒತ್ತಿದ. 'ಖಚಿತವೇ?' ಐದನೆಯ ಸಲ ಕೇಳಿತು. ಬೀಗಿತ್ತಿ ನೀರಿನ ಲೋಟ ಹಿಡಿದು ನಿಂತಿದ್ದರು; ಅವರ ಮುಖ ನೋಡಲಾರದೆ ಹೌದೆಂದು ಒತ್ತಿದ. ಲ್ಯಾಪ್‌ಟಾಪ್ ಮುಚ್ಚಿ ಎದ್ದ.

ಮೇಷ್ಟ್ರು ತಲೆಯೆತ್ತಿ ನೋಡಿದರು. ಗುರುತು ಮತ್ತೆ ಅಳಿಸಿಹೋಗಿತ್ತು.

"ಯಾರು ನೀವು? ಒಳಗೆ ಬರೋಕೆ ಅನುಮತಿ ಇದೆಯಾ?"

"ಇಲ್ಲ ಸಾರ್," ಎಂದ ಬೀಗಣ್ಣ. "ಈಗ ಎಲ್ಲೂ ಇಲ್ಲ."

ಮೇಷ್ಟ್ರು ಕರವಸ್ತ್ರ ಮಡಿಸಿ, ಪಕ್ಕದ ಕುರ್ಚಿಯ ಧೂಳನ್ನು ಅದರಿಂದಲೇ ಒರೆಸಿದರು.

"ಇಲ್ಲ ತಾನೇ? ಕೂಡದು ಅಂತ ಯಾರೂ ಹೇಳಿಲ್ವಲ್ಲ. ಕೂತ್ಕೊ."