ಭಾಷಣ ಮಾಡದ ಕಬಡ್ಡಿ ಮಾಸ್ತರರು

ಬ್ಯಾಡಗಿಯಲ್ಲಿ ನಮ್ಮ ಕಬಡ್ಡಿ ಮಾಸ್ತರರು ಹುಡುಗಿಯರಾದ ನಮಗೆ ಆಟ ಕಲಿಸಿದ್ದು ಮೆಣಸಿನಕಾಯಿ ಮಾರ್ಕೆಟ್ಟಿನ ಪಕ್ಕದಲ್ಲೇ. ಘಾಟಿಗೆ ಕೆಮ್ಮಿ ನಿಂತರೆ ಅವರದು ಒಂದೇ ಮಾತು: "ಉಸಿರ ಐತಿಲ್ಲವ್ವಾ? ನಡಿ ಮತ್ತ."

ಒಮ್ಮೆ ಹಾವೇರಿಗೆ, ಹಳೆಯ ಕಾಲದ ಕೋಚ್ ಒಬ್ಬನ ಕಥೆಯ ಸಿನಿಮಾಕ್ಕೆ ನಮ್ಮನ್ನು ಕರೆದೊಯ್ದರು. ಫೈನಲ್ಲಿಗೆ ಮುಂಚೆ ಆ ಕೋಚ್ ಉದ್ದ ಭಾಷಣ ಬಿಗಿದ, ಟಾಕೀಸೆಲ್ಲ ಕಣ್ಣೊರೆಸಿಕೊಂಡಿತು. ಮಾಸ್ತರರು ಮಾತ್ರ ಎದ್ದು ನಿಂತು ಕೂಗಿದರು: "ಸಾಕ್ ಬಿಡೋ ಮಾರಾಯಾ, ಹುಡುಗ್ರ ಮೈ ತಣ್ಣಗಾಗಾಕತ್ತೈತಿ!"

ಮುಂದೆ ರಾಣೆಬೆನ್ನೂರಿನಲ್ಲಿ ನಮ್ಮದೇ ಫೈನಲ್. ಒಂದು ಅಂಕ ಹಿಂದಿದ್ದೆವು, ಕೊನೆಯ ರೇಡು ನನ್ನದು. ಇವತ್ತಾದರೂ ಏನಾದರೂ ಹೇಳಲಿ ಎಂದು ಮಾಸ್ತರರತ್ತ ನೋಡಿದೆ. ಅವರು ನನಗೆ ಬೆನ್ನು ಹಾಕಿ, ಚೀಲದೊಳಗಿನ ಬಟ್ಟೆ ತೆಗೆದಿಡುತ್ತ ಸಂಘಟಕರನ್ನು ಕೇಳುತ್ತಿದ್ದರು: "ಈ ಚೀಲದಾಗ ನಿಮ್ಮ ಕಪ್ ಹಿಡಸತೈತೇನ್ರಿ?"

ಉಸಿರು ತುಂಬಿಕೊಂಡು ಗೆರೆ ದಾಟಿದೆ.